ಎರಡೂಕಾಲು ಕ್ವಿಂಟಲ್ ಕೊಬ್ಬರಿಗೆ ಒಂದು ಲ್ಯಾಪ್‌ಟಾಪ್

ಭಾವ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ಅಟ್ಟದಿಂದ ಇಳಿಸಿದ ಕಾಯಿ ಅಲ್ಲಾಡಿಸಿ ನೋಡ್ತಾರಲ್ಲ, ಥೇಟ್ ಹಾಗೇ. ಬೆಂಗಳೂರಿನ ಎಸ್‌ಪಿ ರೋಡಿನ ಆ ಅಂಗಡಿ ಒಂದು ಆಟೋ ನಿಲ್ಲುವಷ್ಟು ಅಗಲ ಇತ್ತೇನೋ. ಅದರೊಳಗೆ ನಾನು, ಭಾವ, ಅಕ್ಕನ ಮಗಳು, ಅಂಗಡಿಯ ಹುಡುಗ, ಸುತ್ತ ಗೋಡೆ ತುಂಬ ಹಳೇ ಲ್ಯಾಪ್‌ಟಾಪುಗಳು. ಹುಡುಗ "ಅಂಕಲ್, ಅಂಕಲ್" ಅಂತ ಗಾಬರಿಯಿಂದ ಕೈ ಚಾಚಿದ. ನಾನು ನಾಚಿಕೆಯಾಗಿ ರಸ್ತೆ ಕಡೆ ಮುಖ ಮಾಡಿದೆ. ಅಷ್ಟರಲ್ಲಿ ಒಳಗಿಂದ ಸದ್ದು ಬಂತು. ಸಣ್ಣದೇನೋ ಅತ್ತಿಂದಿತ್ತ ಉರುಳಾಡುವ ಸದ್ದು.

"ಒಳಗೆ ಬಿಟ್ಕೊಂಡೈತೆ" ಅಂದರು ಭಾವ. "ಕೊಬ್ಬರಿಗಾದ್ರೆ ಒಳ್ಳೇದು. ಇದಕ್ಕೂ ಒಳ್ಳೇದಾ?"

ಒಳ್ಳೇದಲ್ಲ. ಅದು ಬಿಚ್ಚಿಹೋದ ಒಂದು ಸ್ಕ್ರೂ. ಅಂದರೆ ಯಾರೋ ಅದನ್ನು ಹಿಂದೆ ಬಿಚ್ಚಿದ್ದಾರೆ, ಮತ್ತೆ ಮುಚ್ಚುವಾಗ ಒಂದು ಸ್ಕ್ರೂ ಒಳಗೇ ಬಿಟ್ಟಿದ್ದಾರೆ. ಆ ಚೂರು ಲೋಹ ಬೋರ್ಡಿನ ಮೇಲೆ ಓಡಾಡುತ್ತಾ ಯಾವತ್ತೋ ಒಂದು ದಿನ ಎರಡು ಕಡೆ ಒಟ್ಟಿಗೆ ತಾಗಿದರೆ ಕಥೆ ಮುಗಿದ ಹಾಗೆ. ನಾನು ಅರ್ಧ ಗಂಟೆಯಿಂದ ಅದೇ ಲ್ಯಾಪ್‌ಟಾಪಿನ ಪ್ರೊಸೆಸರ್ ನಂಬರು, ಬ್ಯಾಟರಿ, ಡಿಸ್ಕು ಎಲ್ಲ ನೋಡಿ "ಇದು ಚೆನ್ನಾಗಿದೆ" ಅಂತ ತೀರ್ಮಾನಕ್ಕೆ ಬಂದಿದ್ದೆ. ಹದಿನೈದು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದವನ ತಪಾಸಣೆಯಲ್ಲಿ ಸಿಗದ್ದು ತಿಪಟೂರಿನ ಕೊಬ್ಬರಿ ಬೆಳೆಗಾರನ ಕಿವಿಗೆ ಐದು ಸೆಕೆಂಡಿನಲ್ಲಿ ಸಿಕ್ಕಿತು.

ಇದು 2024ರ ಮಾತು. ಅಕ್ಕನ ಮಗಳಿಗೆ ತುಮಕೂರಿನಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು, ಕಂಪ್ಯೂಟರ್ ಸೈನ್ಸ್. ಫೀಸು, ಹಾಸ್ಟೆಲ್ಲು ಎಲ್ಲ ಕಳೆದು ಲ್ಯಾಪ್‌ಟಾಪಿಗೆ ಅಂತ ಅಕ್ಕ ಎತ್ತಿಟ್ಟಿದ್ದು 28,000 ರೂಪಾಯಿ. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 12,000. ಅಂದರೆ ಹತ್ತಿರ ಹತ್ತಿರ ಎರಡೂಕಾಲು ಕ್ವಿಂಟಲ್ ಚಿಲ್ಲರೆ. ಉಂಡೆ ಕೊಬ್ಬರಿ ಅಂದರೆ ಸುಮ್ನೆ ಅಲ್ಲ. ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟು ಗಡಗಡ ಅನ್ನುವುದಕ್ಕೆ ವರ್ಷದ ಹತ್ತಿರ ಬೇಕು. ಆಮೇಲೆ ಸುಲಿಯಬೇಕು, ಒಡೆಯಬೇಕು, ಖರೀದಿ ಕೇಂದ್ರದಲ್ಲಿ ಹೆಸರು ಬರೆಸಿ ಸಾಲಲ್ಲಿ ನಿಲ್ಲಬೇಕು. ಅಷ್ಟೆಲ್ಲ ಆಗಿ ಕೈಗೆ ಬಂದ ದುಡ್ಡನ್ನು ನನ್ನ ಕೈಗೆ ಕೊಟ್ಟು "ನೀನೇ ನೋಡಿ ಒಂದು ಗಟ್ಟಿ ಮಾಲು ಕೊಡ್ಸು, ನಾಕು ವರ್ಷ ಬರಬೇಕು" ಅಂದಳು ಅಕ್ಕ. ಅವಳು ಹೇಳಿದ್ದು ಇಷ್ಟೇ. ಯಾವ ಕಂಪನಿ, ಎಷ್ಟು ಜಿಬಿ, ಏನೂ ಇಲ್ಲ. ಗಟ್ಟಿ ಮಾಲು, ನಾಕು ವರ್ಷ.

ಮನೆಯಲ್ಲೊಬ್ಬ ಸಾಫ್ಟ್‌ವೇರಿನವನಿದ್ದರೆ ಅವನಿಗೆ ಲ್ಯಾಪ್‌ಟಾಪಿನಿಂದ ಹಿಡಿದು ಯುಪಿಎಸ್‌ವರೆಗೆ ಎಲ್ಲ ಗೊತ್ತು ಅಂತ ಊರಿನ ಲೆಕ್ಕ. ನಿಜ ಹೇಳಬೇಕು ಅಂದರೆ ನನಗೆ ಲ್ಯಾಪ್‌ಟಾಪನ್ನು ಆಫೀಸಿನವರೇ ಕೊಡುತ್ತಾರೆ, ಮೂರು ವರ್ಷಕ್ಕೊಮ್ಮೆ ಬದಲಾಯಿಸುತ್ತಾರೆ, ಕೆಟ್ಟರೆ ಕೆಳಗಿನ ಮಹಡಿಗೆ ಹೋಗಿ ಕೊಟ್ಟು ಬರುತ್ತೇನೆ. ನನ್ನ ಸ್ವಂತ ದುಡ್ಡಿನಲ್ಲಿ ಲ್ಯಾಪ್‌ಟಾಪ್ ತಗೊಂಡಿದ್ದು ಒಂದೇ ಸಲ, 2012ರಲ್ಲಿ, ಅದೂ ಎಡವಟ್ಟು. ದೊಡ್ಡ ಪರದೆ, ಹೊಳೆಯುವ ಮುಚ್ಚಳ, ಬೇರೆ ಗ್ರಾಫಿಕ್ಸ್ ಕಾರ್ಡು, ಎಲ್ಲ ಇತ್ತು. ಹದಿನಾಲ್ಕನೇ ತಿಂಗಳಿಗೆ ಎಡಗಡೆ ಹಿಂಜ್, ಅಂದರೆ ಮುಚ್ಚಳದ ಕೀಲು, ಕಿತ್ತುಬಂತು. ವಾರಂಟಿ ಹನ್ನೆರಡು ತಿಂಗಳು. ಸರ್ವೀಸ್ ಸೆಂಟರಿನವರು ಮೇಲಿನ ಭಾಗ ಪೂರ್ತಿ ಬದಲಾಯಿಸಬೇಕು ಅಂತ ಹೇಳಿದ ಬೆಲೆ ಕೇಳಿ ನಾನು ಅದನ್ನು ಎತ್ತಿಕೊಂಡು ಸುಮ್ನೆ ಮನೆಗೆ ಬಂದೆ. ಕೊನೆಗೆ ನಮ್ಮ ಏರಿಯಾದ ಮೊಬೈಲ್ ರಿಪೇರಿ ಅಂಗಡಿಯವನು ಇನ್ನೂರು ರೂಪಾಯಿ ತಗೊಂಡು ಎಂ-ಸೀಲ್ ಹಾಕಿ ಕೂರಿಸಿಕೊಟ್ಟ. ನಲ್ಲಿ ಸೋರಿದರೆ ಹಾಕ್ತಾರಲ್ಲ, ಅದೇ ಎಂ-ಸೀಲ್. ಅದು ಮುಂದೆ ಮೂರು ವರ್ಷ ಬಂತು.

ಆ ಹಿಂಜಿನ ವಿಷಯ ಸ್ವಲ್ಪ ಹೇಳಲೇಬೇಕು. ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳು ಸಾಯುವುದು ಪ್ರೊಸೆಸರ್ ಕೆಟ್ಟು ಅಲ್ಲ. ಪ್ರೊಸೆಸರ್ ಕೆಡುವುದನ್ನು ನಾನು ಈವರೆಗೆ ನೋಡೇ ಇಲ್ಲ. ಸಾಯುವುದು ಹಿಂಜ್ ಕಿತ್ತು, ಚಾರ್ಜಿಂಗ್ ಪಿನ್ ಸಡಿಲವಾಗಿ, ಕೀಬೋರ್ಡಿಗೆ ಕಾಫಿ ಬಿದ್ದು, ಬ್ಯಾಟರಿ ಊದಿಕೊಂಡು. ಹಿಂಜ್ ಉಕ್ಕಿನದೇ ಇರುತ್ತದೆ, ಆದರೆ ಅದನ್ನು ಕೂರಿಸುವುದು ಪ್ಲಾಸ್ಟಿಕ್ಕಿನ ಗುಬಟಿನೊಳಗೆ ಹುದುಗಿಸಿದ ಸಣ್ಣ ಹಿತ್ತಾಳೆ ಬಿಲ್ಲೆಗೆ. ದಿನಕ್ಕೆ ಹತ್ತು ಸಲ ತೆಗೆದು ಮುಚ್ಚಿದರೆ, ಹಿಂಜ್ ಬಿಗಿಯಾದಂತೆಲ್ಲ ಆ ಬಿಲ್ಲೆ ಪ್ಲಾಸ್ಟಿಕ್ ಸಮೇತ ಕಿತ್ತುಕೊಂಡು ಬರುತ್ತದೆ. ಈ ವಿಷಯ ಯಾವ ಜಾಹೀರಾತಿನ ಪಟ್ಟಿಯಲ್ಲೂ ಇರುವುದಿಲ್ಲ. ಅಲ್ಲಿ ಇರುವುದು ಜಿಬಿ, ಗಿಗಾಹರ್ಟ್ಸ್, "ತೆಳು", "ಹಗುರ".

ಹೀಗಾಗಿ ಅಕ್ಕನ ದುಡ್ಡಿಗೆ ನಾನು ಮೊದಲು ಹುಡುಕಿದ್ದು ಹೊಸದನ್ನೇ ಆದರೂ ಮನಸ್ಸು ಅಷ್ಟು ಒಪ್ಪಲಿಲ್ಲ.

28,000ದ ಆಸುಪಾಸಿನಲ್ಲಿ ಆಗ ಹೊಸದು ಅಂತ ಕಂಡಿದ್ದರಲ್ಲಿ ಒಂದು ಜಾತಿ ಸೆಲೆರಾನ್ ಅನ್ನುವ ಅಗ್ಗದ ಪ್ರೊಸೆಸರಿನವು. ಎನ್4020, ಎನ್4500 ಅಂತ ನಂಬರು ಇರುತ್ತದೆ. ಕೋರ್ ಅಂದರೆ ಪ್ರೊಸೆಸರಿನೊಳಗೆ ಕೆಲಸ ಮಾಡುವ ಕೈ ಇದ್ದ ಹಾಗೆ, ಇವಕ್ಕೆ ಎರಡೇ ಕೋರ್. ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆಗೆದು ಜೊತೆಗೆ ಆನ್‌ಲೈನ್ ಕ್ಲಾಸ್ ಹಾಕಿದರೆ ಏದುಸಿರು ಬಿಡುತ್ತದೆ. ಅದರ ಜೊತೆ ಕೆಲವದರಲ್ಲಿ ಎಸ್‌ಎಸ್‌ಡಿ ಅನ್ನುವ ವೇಗದ ಡಿಸ್ಕಿನ ಬದಲು ಇಎಂಎಂಸಿ. ಅದು ಫೋನಿನ ಸ್ಟೋರೇಜ್ ಜಾತಿಯದು, ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. 64 ಜಿಬಿ ಇಎಂಎಂಸಿ ಇರುವ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಹಾಕಿಕೊಡುತ್ತಾರೆ, ಯಾಕಂದರೆ ಮೈಕ್ರೋಸಾಫ್ಟ್ ಕೇಳುವ ಕನಿಷ್ಠ ಜಾಗ ಅಷ್ಟೇ. ಅಂದರೆ ಮನೆಗೆ ತಂದ ದಿನವೇ ಅರ್ಧ ಮನೆ ತುಂಬಿದೆ. ಒಂದು ದೊಡ್ಡ ಅಪ್‌ಡೇಟ್ ಬಂತೋ, ಜಾಗ ಖಾಲಿ ಮಾಡು ಅಂತ ಗಲಾಟೆ ಶುರು.

ಇನ್ನೊಂದು ಜಾತಿ ಸ್ವಲ್ಪ ಪರವಾಗಿಲ್ಲ ಅನ್ನಿಸುವಂಥವು, ಆದರೆ ಹೆಸರಿನಲ್ಲಿ ಆಟ. ಎಎಂಡಿ ಕಂಪನಿಯ ರೈಜೆನ್ 5 7520ಯು ಅಂತ ನೋಡಿದರೆ ಯಾರಿಗಾದರೂ 7000 ಸರಣಿ, ಹೊಸದು, ಅದೂ 5 ಅಂತ ಖುಷಿಯಾಗುತ್ತದೆ. ಒಳಗಿನ ಕೋರ್ ಮಾತ್ರ ಝೆನ್ 2, 2019ರಲ್ಲಿ ಬಂದ ವಿನ್ಯಾಸ. ಆ ಸರಣಿಯಲ್ಲಿ ಗುಟ್ಟು ಇರುವುದು ಮೂರನೇ ಅಂಕಿಯಲ್ಲಿ: 2 ಇದ್ದರೆ ಝೆನ್ 2, 3 ಇದ್ದರೆ ಝೆನ್ 3, 4 ಇದ್ದರೆ ಝೆನ್ 4. ಕಂಪನಿ ಇದನ್ನೇನೂ ಮುಚ್ಚಿಟ್ಟಿಲ್ಲ, ಚಾರ್ಟ್ ಮಾಡಿಯೇ ಪ್ರಕಟಿಸಿದೆ. ಆದರೆ ಅಕ್ಕನಂಥವರು ಚಾರ್ಟ್ ನೋಡಿ ಲ್ಯಾಪ್‌ಟಾಪ್ ಕೊಳ್ಳುತ್ತಾರಾ ಹೇಳಿ. ಹಾಗಂತ ಅದು ಕೆಟ್ಟ ಪ್ರೊಸೆಸರ್ ಅಲ್ಲ, ಓದುವ ಹುಡುಗಿಗೆ ಸಾಕು. ತೊಂದರೆ ಬೇರೆ ಕಡೆ ಇದೆ. ಅದರ ಜೊತೆ ಬರುವ, ತೆರೆದ ಕೆಲಸಗಳನ್ನು ಹಿಡಿದಿಡುವ ರ‍್ಯಾಮ್ ಬೋರ್ಡಿಗೇ ಬೆಸೆದದ್ದು. 8 ಜಿಬಿ ಅಂದರೆ ಸಾಯುವ ತನಕ 8 ಜಿಬಿ. ನಾಳೆ ಆ ರ‍್ಯಾಮೇ ಕೆಟ್ಟರೆ ಮದರ್‌ಬೋರ್ಡ್ ಬದಲಾಯಿಸಿ ಅನ್ನುತ್ತಾರೆ, ಮದರ್‌ಬೋರ್ಡಿನ ಬೆಲೆ ಕೇಳಿದರೆ ಹೊಸ ಲ್ಯಾಪ್‌ಟಾಪ್ ತಗೊಳ್ಳೋದೇ ವಾಸಿ ಅನ್ನಿಸುತ್ತದೆ.

ಆಫೀಸಿನಲ್ಲಿ ಊಟದ ಹೊತ್ತಿಗೆ ಕೇಳಿದೆ. ಅಲ್ಲಿ ಶುರುವಾಯಿತು ನೋಡಿ "ಇನ್ನೊಂದು ಐದು ಸಾವಿರ ಹಾಕಿದ್ರೆ" ಪುರಾಣ. 28ಕ್ಕೆ ಏನೂ ಬರಲ್ಲ, ಇನ್ನೊಂದು ಐದು ಸಾವಿರ ಹಾಕಿದ್ರೆ ಐ3 ಬರುತ್ತೆ. ಐ3 ತಗೊಳ್ಳೋ ಬದಲು ಇನ್ನೊಂದು ಐದು ಹಾಕಿ, ಐ5 ಹನ್ನೆರಡನೇ ಜನರೇಷನ್ ಸೇಲಲ್ಲಿ ಸಿಗುತ್ತೆ. ಅಷ್ಟು ಕೊಟ್ಟಮೇಲೆ ಇನ್ನೊಂಚೂರು, ಗ್ರಾಫಿಕ್ಸ್ ಕಾರ್ಡ್ ಇರೋದೇ ಬರುತ್ತೆ, ಮುಂದೆ ಮಷೀನ್ ಲರ್ನಿಂಗ್ ಎಲ್ಲ ಮಾಡ್ತಾಳಲ್ಲ. ಅಷ್ಟಕ್ಕೆ ಹೋಗೋದಾದ್ರೆ ಸೀದಾ ಮ್ಯಾಕ್‌ಬುಕ್ ಏರ್ ಕೊಡಿಸಿಬಿಡಿ ಸರ್, ಇಎಂಐ ಇದೆಯಲ್ಲ. ಸಾರು ಮುಗಿದು ಮಜ್ಜಿಗೆ ಬರುವಷ್ಟರಲ್ಲಿ ಅಕ್ಕನ 28,000 ಹೋಗಿ ಅರವತ್ತೈದು ಸಾವಿರ ಆಗಿತ್ತು. ಒಬ್ಬರೂ ಕೆಟ್ಟ ಸಲಹೆ ಕೊಡಲಿಲ್ಲ, ಒಂದೊಂದು ಮೆಟ್ಟಿಲೂ ಸರಿಯೇ. ಆದರೆ ನಮಗೆ ಐದು ಸಾವಿರ ಅಂದರೆ ಒಂದು ಶನಿವಾರದ ಖರ್ಚು, ಅಕ್ಕನಿಗೆ ಅದು ನಲವತ್ತು ಕೆಜಿಗಿಂತ ಜಾಸ್ತಿ ಕೊಬ್ಬರಿ. ಆ ಟೇಬಲ್ಲಿನಲ್ಲಿ ಕೂತಾಗ ನನಗೂ ಅದು ಮರೆತುಹೋಗಿತ್ತು ಅಂತ ಒಪ್ಪಿಕೊಳ್ಳುತ್ತೇನೆ. ಅಕ್ಕನಿಗೆ ಫೋನ್ ಮಾಡಿ "ಇನ್ನೊಂದು ಐದು ಸಾವಿರ..." ಅಂದೂಬಿಟ್ಟೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಸರಿ, ನೋಡಣ" ಅಂದಳು. ಅಕ್ಕ "ನೋಡಣ" ಅಂದರೆ ಯಾರ ಹತ್ತಿರವೋ ಕೈಗಡ ಕೇಳುತ್ತಾಳೆ ಅಂತ ಅರ್ಥ. "ಬೇಡ ಬಿಡು, ಇದರಲ್ಲೇ ಮುಗಿಸ್ತೀನಿ" ಅಂದೆ.

ಅವತ್ತು ರಾತ್ರಿ ಹುಡುಗಿಗೆ ಫೋನ್ ಮಾಡಿ ಏನೇನು ಕೆಲಸ ಇದೆ ಅಂತ ಕೇಳಿದೆ. ಮೊದಲ ವರ್ಷ ಸಿ, ಆಮೇಲೆ ಪೈಥಾನ್, ಜಾವಾ, ಡೇಟಾಬೇಸು. ರೆಕಾರ್ಡ್ ಬರೆಯುವುದು, ಪಿಪಿಟಿ ಮಾಡುವುದು, ಯೂಟ್ಯೂಬಿನಲ್ಲಿ ಪಾಠ. ಗೇಮ್ ಇಲ್ಲ. ವಿಡಿಯೊ ಎಡಿಟಿಂಗ್ ಇಲ್ಲ. ಇದಕ್ಕೆ ಬೇಕಾಗಿದ್ದು ನಾಲ್ಕು ಕೋರಿನ ಒಂದು ಸಾಧಾರಣ ಪ್ರೊಸೆಸರ್, ಒಂದು ಎಸ್‌ಎಸ್‌ಡಿ, ಸಾಧ್ಯವಾದರೆ 16 ಜಿಬಿ ರ‍್ಯಾಮ್, ಕಣ್ಣು ನೋಯದ ಪರದೆ, ಒಳ್ಳೆ ಕೀಬೋರ್ಡ್. ಅದಕ್ಕಿಂತ ಮುಖ್ಯವಾಗಿ, ಕೆಟ್ಟಾಗ ತುಮಕೂರಿನಲ್ಲೇ ಒಬ್ಬ ಅದನ್ನು ಬಿಚ್ಚಿ, ಬೇಕಾದ ಪಾರ್ಟು ಎರಡು ದಿನದಲ್ಲಿ ತರಿಸಿ, ಸಾವಿರ ಎರಡು ಸಾವಿರದಲ್ಲಿ ಸರಿ ಮಾಡಿಕೊಡುವಂತಿರಬೇಕು. ನಾಲ್ಕು ವರ್ಷದಲ್ಲಿ ಏನೂ ಕೆಡಲ್ಲ ಅನ್ನುವ ಲ್ಯಾಪ್‌ಟಾಪ್ 28,000ಕ್ಕೆ ಇಲ್ಲ, ಒಂದು ಲಕ್ಷಕ್ಕೂ ಇಲ್ಲ. ಒಂದು ಲಕ್ಷ ಕೊಡುವವರಿಗೆ ಕೆಟ್ಟರೆ ಇನ್ನೊಂದು ತರುವ ತಾಕತ್ತಿರುತ್ತದೆ, ಅಕ್ಕನಿಗೆ ಇರುವುದು ಒಂದೇ ಸಲದ ದುಡ್ಡು. ಅವಳು ಕೇಳಿದ "ಗಟ್ಟಿ ಮಾಲು" ಅಂದರೆ ಇದೇ ಅಂತ ನನಗೆ ಆಗ ಹೊಳೆಯಿತು, ಕೆಟ್ಟರೂ ಎದ್ದು ನಿಲ್ಲುವ ಮಾಲು.

ಆ ಕಡೆಯಿಂದ ಯೋಚಿಸಿದ ತಕ್ಷಣ ದಾರಿ ಸೀದಾ ಹಳೇ ಆಫೀಸ್ ಲ್ಯಾಪ್‌ಟಾಪುಗಳ ಕಡೆ ಹೋಯಿತು.

ಬೆಂಗಳೂರಿನಲ್ಲಿ ಕೂತವರಿಗೆ ಇದೊಂದು ಲಾಭ. ಇಲ್ಲಿನ ಟೆಕ್ ಪಾರ್ಕುಗಳು ಲ್ಯಾಪ್‌ಟಾಪುಗಳನ್ನು ಮೂರು ನಾಲ್ಕು ವರ್ಷ ಬಳಸಿ, ಲೀಸ್ ಮುಗಿದ ಮೇಲೆ ಲಾಟ್ ಲಾಟಾಗಿ ಹೊರಗೆ ಹಾಕುತ್ತವೆ. ಅವು ಕೈಯಿಂದ ಕೈಗೆ ದಾಟಿ, ಸ್ವಚ್ಛವಾಗಿ, ಎಸ್‌ಪಿ ರೋಡಿನ ಗೋಡೆಗೆ ಬಂದು ಕೂರುತ್ತವೆ. ಇವು ಅಂಗಡಿಯಲ್ಲಿ ಜನಸಾಮಾನ್ಯರಿಗೆ ಮಾರುವ ಮಾಡೆಲ್ ಅಲ್ಲ. ಲೆನೊವೊದ ಥಿಂಕ್‌ಪ್ಯಾಡ್ ಟಿ ಸರಣಿ, ಡೆಲ್‌ನ ಲ್ಯಾಟಿಟ್ಯೂಡ್, ಎಚ್‌ಪಿಯ ಎಲೀಟ್‌ಬುಕ್. ಹೊಸದಿದ್ದಾಗ ಇವುಗಳ ಬೆಲೆ ಕೇಳಿದರೆ ನಾವು ಆ ಕಡೆ ತಲೆ ಹಾಕುತ್ತಿರಲಿಲ್ಲ. ಒಂದೊಂದು ಕಂಪನಿ ಸಾವಿರಗಟ್ಟಲೆ ತಗೊಳ್ಳುವುದರಿಂದ ರಿಪೇರಿ ಸುಲಭವಾಗಿರಲೇಬೇಕು, ಇಲ್ಲವಾದರೆ ಐಟಿ ವಿಭಾಗದವರು ಬೈಯುತ್ತಾರೆ. ಆದ್ದರಿಂದ ಯಾವ ಸ್ಕ್ರೂ ಮೊದಲು ಬಿಚ್ಚಬೇಕು, ಯಾವ ಪಾರ್ಟಿನ ನಂಬರು ಯಾವುದು ಅಂತ ಚಿತ್ರ ಸಮೇತ ಇರುವ ಸರ್ವೀಸ್ ಮ್ಯಾನುಯಲ್ ಅನ್ನು ಈ ಮೂರೂ ಕಂಪನಿಗಳು ಎಲ್ಲರಿಗೂ ಬಿಟ್ಟಿಯಾಗಿ ಇಟ್ಟಿವೆ. ತುಮಕೂರಿನ ಹುಡುಗನೂ ಅದನ್ನೇ ಓದಬಹುದು.

ಯಾವ ವರ್ಷದ್ದು ಅನ್ನುವುದಕ್ಕೆ ಒಂದು ಗೆರೆ ಇತ್ತು. ಇಂಟೆಲ್‌ನಲ್ಲಿ 8ನೇ ಜನರೇಷನ್. ಐ5-8350ಯು ಅಂದರೆ ಮೊದಲ ಅಂಕಿ 8, ಅದೇ ಜನರೇಷನ್. ಅದಕ್ಕಿಂತ ಹಿಂದಿನ 7ನೇ ಜನರೇಷನ್ನಿನ ಯು ಜಾತಿಯ, ಅಂದರೆ ಕಡಿಮೆ ಕರೆಂಟಿನ, ಐ5ಗಳಲ್ಲಿ ಎರಡೇ ಕೋರ್. 2017ರಲ್ಲಿ 8ನೆಯದು ಬಂದಾಗ ಒಂದೇ ಏಟಿಗೆ ನಾಲ್ಕಾಯಿತು. ಇನ್ನೊಂದು, ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪುವುದು ಬಹುಮಟ್ಟಿಗೆ 8ನೆಯದರಿಂದ ಮೇಲಿನವು ಮಾತ್ರ, ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಇರಬೇಕು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯುತ್ತದೆ ಅಂತ ಆಗಲೇ ಗೊತ್ತಿತ್ತು. ಒಂದು ವರ್ಷ ಹಳೆಯದು ತಗೊಂಡಿದ್ದರೆ ಹುಡುಗಿ ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ಆ ತಲೆನೋವು. ಎಸ್‌ಪಿ ರೋಡಿನಲ್ಲಿ 6ನೇ, 7ನೇ ಜನರೇಷನ್ನಿನವು ಹನ್ನೆರಡು ಸಾವಿರಕ್ಕೂ ಇದ್ದವು. "ಐ5 ಸಾರ್, ಐ5" ಅನ್ನುತ್ತಾರೆ. ಯಾವ ಐ5 ಅಂತ ಕೇಳಬೇಕು.

ಹೀಗೆ ಉಳಿದಿದ್ದು 2018ರ ಮೂರು: ಥಿಂಕ್‌ಪ್ಯಾಡ್ ಟಿ480, ಲ್ಯಾಟಿಟ್ಯೂಡ್ 7490, ಎಲೀಟ್‌ಬುಕ್ 840 ಜಿ5. ಮೂರೂ ಒಳ್ಳೆಯವೇ, ಯಾವುದರಲ್ಲಿ ಒಳ್ಳೆ ಸ್ಥಿತಿಯ ತುಂಡು ಸಿಕ್ಕರೆ ಅದು ಅಂತ ಹೊರಟೆವು. ನನಗೆ ಒಳಗೊಳಗೇ ಟಿ480 ಮೇಲೆ ಕಣ್ಣಿತ್ತು. ಥಿಂಕ್‌ಪ್ಯಾಡ್ 1992ರಲ್ಲಿ ಐಬಿಎಂ ಶುರು ಮಾಡಿದ್ದು, 2005ರಲ್ಲಿ ಲೆನೊವೊ ಕೈಗೆ ಹೋಯಿತು. ಕೀಬೋರ್ಡಿನ ನಡುವೆ ಕುಂಕುಮದ ಬೊಟ್ಟಿನ ಹಾಗೆ ಒಂದು ಕೆಂಪು ಗುಂಡಿ ಇರುತ್ತದಲ್ಲ, ಅದೇ. ಟಿ480ರ ವಿಶೇಷ ಏನೆಂದರೆ ಎರಡು ಬ್ಯಾಟರಿ, ಒಳಗೊಂದು ಹೊರಗೊಂದು. ಹೊರಗಿನದನ್ನು ಕೆಳಗಿನ ಎರಡು ಚಿಲಕ ಸರಿಸಿ ಕೈಯಲ್ಲೇ ತೆಗೆಯಬಹುದು, ಲ್ಯಾಪ್‌ಟಾಪ್ ಓಡುತ್ತಿರುವಾಗಲೇ, ಯಾಕಂದರೆ ಒಳಗಿನದು ಹಿಡಿದುಕೊಳ್ಳುತ್ತದೆ. ಬ್ಯಾಟರಿ ಸತ್ತರೆ ಹೊಸದನ್ನು ಟಾರ್ಚಿಗೆ ಶೆಲ್ ಹಾಕಿದ ಹಾಗೆ ಹಾಕಬಹುದು. ರ‍್ಯಾಮಿಗೆ ಎರಡು ಸ್ಲಾಟು, ಎರಡೂ ಬದಲಾಯಿಸುವಂಥವು. ಚಾರ್ಜ್ ಆಗುವುದು ಟೈಪ್-ಸಿ ಪಿನ್ನಿನಲ್ಲಿ, ಹಾಸ್ಟೆಲ್ಲಿನಲ್ಲಿ ಪಕ್ಕದವಳ ಲ್ಯಾಪ್‌ಟಾಪಿನ 65 ವ್ಯಾಟಿನ ಚಾರ್ಜರು ಹಾಕಿದರೂ ನಡೆಯುತ್ತದೆ. ಮುಂದಿನ ವರ್ಷದ ಟಿ490ಯಲ್ಲಿ ತೆಳು ಮಾಡುವ ಆಸೆಗೆ ಹೊರಗಿನ ಬ್ಯಾಟರಿ ತೆಗೆದರು, ಒಂದಷ್ಟು ರ‍್ಯಾಮ್ ಬೋರ್ಡಿಗೆ ಬೆಸೆದರು. ಯಾಕೆ ಮಾಡಿದರೋ.

ಇದನ್ನೂ ಹೇಳಬೇಕು. ಆ ಕಾಲದ ಕೆಲವು ಥಿಂಕ್‌ಪ್ಯಾಡುಗಳಲ್ಲಿ ಟೈಪ್-ಸಿ ಪೋರ್ಟು ಕೈಕೊಡುವಂಥ ಒಂದು ಥಂಡರ್‌ಬೋಲ್ಟ್ ಫರ್ಮ್‌ವೇರ್ (ಪೋರ್ಟಿನ ಚಿಪ್ಪಿನೊಳಗಿನ ತಂತ್ರಾಂಶ) ದೋಷ ಇತ್ತು, ಕಂಪನಿಯೇ ಅದಕ್ಕೆ ಅಪ್‌ಡೇಟ್ ಕೊಟ್ಟಿದೆ. ಹಳೆಯದು ತಗೊಂಡವರು ಮೊದಲ ದಿನವೇ ಆ ಅಪ್‌ಡೇಟ್ ಹಾಕಿಕೊಳ್ಳಿ.

ಒಂದು ಶನಿವಾರ ಭಾವ, ಮಗಳು ಬೆಳಗಿನ ರೈಲಿಗೆ ಬಂದರು. ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿ ಇಳಿದು ನಡೆದೆವು. ಸಾದರ ಪತ್ರಪ್ಪ ರಸ್ತೆ ಅನ್ನುವುದು ಪೂರ್ತಿ ಹೆಸರು, ಅದನ್ನು ಯಾರೂ ಅನ್ನುವುದಿಲ್ಲ. ವೈರು, ಕೆಪಾಸಿಟರು, ಎಲ್‌ಇಡಿ ಪಟ್ಟಿ, ಸಿಸಿಟಿವಿ, ಎಲ್ಲ ಕಿಲೋ ಲೆಕ್ಕದಲ್ಲಿ ಸುರಿದಿರುತ್ತಾರೆ. ಭಾವನಿಗೆ ಜಾಗ ಹಿಡಿಸಿತು, "ನಮ್ಮ ಎಪಿಎಂಸಿ ಥರಾನೇ ಐತೆ" ಅಂದರು. ನಡೆಯುತ್ತಾ ನಾನು ಸಿಂಪ್ಯೂಟರ್ ಕಥೆ ಹೇಳಿದೆ. ಇದೇ ಬೆಂಗಳೂರಿನಲ್ಲಿ ಐಐಎಸ್‌ಸಿಯ ನಾಲ್ವರು ಪ್ರಾಧ್ಯಾಪಕರು ಮತ್ತು ಒಂದು ಸಾಫ್ಟ್‌ವೇರ್ ಕಂಪನಿಯವರು ಸೇರಿ ಹಳ್ಳಿಯವರ ಕೈಗೂ ಎಟುಕುವ ಕಂಪ್ಯೂಟರ್ ಮಾಡಲು ಹೊರಟಿದ್ದು, 2004ರಲ್ಲಿ ಬಿಇಎಲ್ ಅದನ್ನು ತಯಾರಿಸಿ ಮಾರಾಟಕ್ಕೂ ತಂದಿದ್ದು, ಹತ್ತು ಸಾವಿರದ ಹತ್ತಿರ ಇದ್ದರೂ ಅಷ್ಟಾಗಿ ಮಾರಾಟವಾಗದೇ ನಿಂತುಹೋಗಿದ್ದು. ಭಾವ ಕೇಳಿದ್ದು ಒಂದೇ ಪ್ರಶ್ನೆ, "ಅದನ್ನ ರಿಪೇರಿ ಯಾರು ಮಾಡ್ತಿದ್ರು?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊದಲ ಎರಡು ಅಂಗಡಿಗಳಲ್ಲಿ ಆನ್ ಮಾಡಿ ನೋಡಲೂ ಸರಿಯಾಗಿ ಬಿಡಲಿಲ್ಲ. "ಎ ಗ್ರೇಡ್ ಸಾರ್, ಸಿಂಗಲ್ ಓನರ್, ಕಣ್ಮುಚ್ಚಿ ತಗೊಂಡೋಗಿ." ಕಣ್ಣು ಮುಚ್ಚಿ ತಗೊಳ್ಳುವುದಕ್ಕೆ ತಿಪಟೂರಿಂದ ಯಾಕೆ ಬರಬೇಕಿತ್ತು? ಮೂರನೆಯದು ಸ್ಕ್ರೂ ಸದ್ದಿನ ಅಂಗಡಿ. ಆ ಹುಡುಗ ಪಾಪ ಒಳ್ಳೆಯವನು, ಸದ್ದು ಕೇಳಿ ತಾನೇ ನಕ್ಕು ಅದನ್ನು ಪಕ್ಕಕ್ಕಿಟ್ಟ. ಇನ್ನೊಂದು ತೆಗೆದುಕೊಟ್ಟ, ಟಿ480. ಭಾವ ಅಲ್ಲಾಡಿಸಿದರು. ಸದ್ದಿಲ್ಲ. ಆಮೇಲೆ ನನ್ನ ಸರದಿ.

ಎತ್ತು ಕೊಳ್ಳುವವರು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಲ್ಯಾಪ್‌ಟಾಪಿಗೆ ಹಲ್ಲು ಅಂದರೆ ಬ್ಯಾಟರಿ ರಿಪೋರ್ಟು. ವಿಂಡೋಸಿನ ಕಮಾಂಡ್ ಕಿಟಕಿಯಲ್ಲಿ ಪವರ್‌ಸಿಎಫ್‌ಜಿ ಅನ್ನುವ ಆಜ್ಞೆಯಿಂದ ಅದನ್ನು ತೆಗೆಯಬಹುದು, ಬ್ರೌಸರಿನಲ್ಲಿ ತೆರೆಯುವ ಒಂದು ಪುಟ ಬರುತ್ತದೆ. ಬ್ಯಾಟರಿ ಹುಟ್ಟಿದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಅಂತ ಪಕ್ಕ ಪಕ್ಕ ಇರುತ್ತದೆ. ನಮ್ಮದರಲ್ಲಿ ಒಳಗಿನದು 24 ವ್ಯಾಟ್-ಅವರಿನದು ಹದಿನೆಂಟಕ್ಕೆ ಇಳಿದಿತ್ತು, ಅಡ್ಡಿಯಿಲ್ಲ. ಹೊರಗಿನದು ಅರ್ಧಕ್ಕಿಂತ ಕೆಳಗೆ. ಅಂದರೆ ಹೊಸದು ಹಾಕಲೇಬೇಕು, ಆ ಲೆಕ್ಕದಲ್ಲೇ ಚೌಕಾಸಿ ಮಾಡಿದೆವು. ಕ್ರಿಸ್ಟಲ್ ಡಿಸ್ಕ್ ಇನ್ಫೊ ಅನ್ನುವ ಉಚಿತ ತಂತ್ರಾಂಶ ಪೆನ್‌ಡ್ರೈವಿನಲ್ಲಿ ಒಯ್ದಿದ್ದೆ, ಎಸ್‌ಎಸ್‌ಡಿ ಎಷ್ಟು ಗಂಟೆ ಓಡಿದೆ, ಆರೋಗ್ಯ ಎಷ್ಟು ಅಂತ ತೋರಿಸುತ್ತದೆ. ಪರದೆಗೆ ಪೂರ್ತಿ ಬಿಳಿ ಬಣ್ಣ ಹಾಕಿ ಕಲೆ ಹುಡುಕಿದೆವು. ಒಂದೊಂದು ಕೀ ಒತ್ತಿ ನೋಡುವ ಕೆಲಸ ಹುಡುಗಿಯದು, ಪ್ರತಿಯೊಂದು ಪೋರ್ಟಿಗೂ ಪೆನ್‌ಡ್ರೈವ್ ಚುಚ್ಚಿ ನೋಡಿದ್ದೂ ಅವಳೇ. ಮುಚ್ಚಳ ಒಂದೇ ಮೂಲೆ ಹಿಡಿದು ನಿಧಾನ ಎತ್ತಿದಾಗ ಕಿರ್ ಅನ್ನಬಾರದು. ಅನ್ನಲಿಲ್ಲ.

ಜನ ಮರೆಯುವ ಪರೀಕ್ಷೆ ಇನ್ನೊಂದಿದೆ, ನನ್ನ ಪ್ರಕಾರ ಅದೇ ದೊಡ್ಡದು. ಆಫೀಸಿನಿಂದ ಬಂದ ಲ್ಯಾಪ್‌ಟಾಪಿಗೆ ಬೀಗ ಇರಬಹುದು. ವಿಂಡೋಸಿಗಿಂತ ಮೊದಲು ಏಳುವ ಬಯೋಸ್‌ಗೆ ಪಾಸ್‌ವರ್ಡ್ ಇರಬಹುದು. ಅಥವಾ ಆ ಕಂಪನಿಯ ಆಟೊಪೈಲಟ್ ಪಟ್ಟಿಯಿಂದ, ಅಂದರೆ ಆಫೀಸಿನವರು ತಮ್ಮ ಲ್ಯಾಪ್‌ಟಾಪುಗಳನ್ನು ದೂರದಿಂದಲೇ ನಿಭಾಯಿಸುವ ಮೈಕ್ರೋಸಾಫ್ಟ್ ಪಟ್ಟಿಯಿಂದ, ಹೆಸರು ತೆಗೆಸದೇ ಇರಬಹುದು. ಹೀಗಿದ್ದರೆ ಅಂಗಡಿಯಲ್ಲಿ ಎಲ್ಲ ಸರಿಯಾಗಿಯೇ ಓಡುತ್ತದೆ. ಮನೆಗೆ ತಂದು ವಿಂಡೋಸ್ ಹೊಸದಾಗಿ ಹಾಕಿ ವೈಫೈ ಕೊಟ್ಟ ತಕ್ಷಣ ಯಾವುದೋ ಕಂಪನಿಯ ಲಾಗಿನ್ ಪುಟ ಬಂದು ಕೂರುತ್ತದೆ. ಅದಕ್ಕೆ ಅಂಗಡಿಯಲ್ಲೇ ಬಯೋಸ್ ಒಳಗೆ ಹೋಗಿ ನೋಡಿದೆವು. ಆಮೇಲೆ ಹುಡುಗನಿಗೆ ಕಾಫಿ ತರಿಸಿಕೊಟ್ಟು, ನನ್ನ ಪೆನ್‌ಡ್ರೈವಿನಿಂದ ಅಲ್ಲೇ ವಿಂಡೋಸ್ 11 ಹೊಸದಾಗಿ ಹಾಕಿ, ನನ್ನ ಫೋನಿನ ಹಾಟ್‌ಸ್ಪಾಟ್ ಕೊಟ್ಟು ನೋಡಿದೆ. ಹತ್ತಿರ ಹತ್ತಿರ ಒಂದು ಗಂಟೆ ಹಿಡಿಯಿತು. ಹುಡುಗ ಬೈದುಕೊಂಡನೇನೋ, ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅಂಗಡಿಯವರು ಹಾಕಿಕೊಟ್ಟ ವಿಂಡೋಸಿನಲ್ಲಿ ಏನೇನು ಸೇರಿಸಿರುತ್ತಾರೋ, ಅದನ್ನು ಅಳಿಸುವುದು ಹೇಗೂ ಒಳ್ಳೆಯದೇ. ಈ ಯಂತ್ರಗಳ ಬಯೋಸಿನಲ್ಲಿ ಸಾಮಾನ್ಯವಾಗಿ ಮೂಲ ವಿಂಡೋಸ್ ಪ್ರೊ ಕೀ ಇರುತ್ತದೆ, ನಮ್ಮದು ತಾನಾಗಿಯೇ ಆ್ಯಕ್ಟಿವೇಟ್ ಆಯಿತು.

ಲ್ಯಾಪ್‌ಟಾಪಿಗೆ 18,500. ಇನ್ನೊಂದು 8 ಜಿಬಿ ರ‍್ಯಾಮ್ ಕಡ್ಡಿ 1,700, ಹುಡುಗ ಎದುರಿಗೇ ಬಿಚ್ಚಿ ಹಾಕಿದ. ಹೊರಗಿನ ಹೊಸ ಬ್ಯಾಟರಿ 2,600. ಒಟ್ಟು 22,800. ಬಿಲ್ಲಿನ ಮೇಲೆ ಸೀರಿಯಲ್ ನಂಬರು, ಮೂರು ತಿಂಗಳ ವಾರಂಟಿ ಎರಡನ್ನೂ ಬರೆಸಿಕೊಂಡೆವು. ಉಳಿದ 5,200ಕ್ಕೆ ಒಳ್ಳೆ ಬ್ಯಾಗು, ಮೌಸು ತಗೊಳ್ಳೋಣವಾ ಅಂತ ನಾನು ಕೇಳಿದೆ. ಭಾವ ಬೇಡ ಅಂದರು. "ಪಂಪ್‌ಸೆಟ್ ತಗೊಂಡಾಗ ಮೋಟ್ರು ಸುಡೋದಕ್ಕೆ ಅಂತ ದುಡ್ಡಿಟ್ಟಿರ್ತೀವಿ. ಇದಕ್ಕೂ ಇರಲಿ." ಆ ದುಡ್ಡು ತಿಪಟೂರಿಗೆ ವಾಪಸ್ ಹೋಗಿ ಅಕ್ಕನ ರಾಗಿ ಡಬ್ಬಿ ಸೇರಿತು.

ಎಲ್ಲರಿಗೂ ಇದೇ ಸರಿ ಅಂತ ನಾನು ಹೇಳುತ್ತಿಲ್ಲ. ಮೆಕ್ಯಾನಿಕಲ್ಲು, ಆರ್ಕಿಟೆಕ್ಚರ್ ಓದುವವರಿಗೆ ಈ ಲ್ಯಾಪ್‌ಟಾಪ್ ಸಾಲುವುದಿಲ್ಲ. ಇದರ ಕ್ಯಾಮೆರಾ 720ಪಿ, ಮುಖ ಮಂಜಿನಲ್ಲಿ ಕಂಡ ಹಾಗೆ ಕಾಣುತ್ತದೆ. ಸ್ಪೀಕರ್ ಕೆಳಗಡೆ, ಹಾಸಿಗೆ ಮೇಲಿಟ್ಟರೆ ಪಾಠವೇ ಕೇಳಿಸುವುದಿಲ್ಲ. ಬಿಸಿಲಲ್ಲಿ ಪರದೆ ಮಂಕು, ಟಿ480ರಲ್ಲಿ ಕೆಲವಕ್ಕೆ 1366 ಗುಣಿಲೆ 768ರ ಕಳಪೆ ಪರದೆ ಬರುತ್ತದೆ, ಯಾವ ಕಡೆಯಿಂದ ನೋಡಿದರೂ ಬಣ್ಣ ಕೆಡದ ಐಪಿಎಸ್ ಪರದೆಯದ್ದೇ ಬೇಕು ಅಂತ ಕೇಳಿ ತಗೊಳ್ಳಬೇಕು. ಜೊತೆಗೆ ನೋಡಿ ಕೊಡಿಸುವವರು ಯಾರೂ ಇಲ್ಲ, ಊರಿಂದ ಬೆಂಗಳೂರಿಗೆ ಬರುವುದಕ್ಕಾಗುವುದಿಲ್ಲ ಅನ್ನುವವರು ಹೊಸದನ್ನೇ ತಗೊಳ್ಳುವುದು ಮೇಲು, ಒಂದು ವರ್ಷವಾದರೂ ಕಂಪನಿ ವಾರಂಟಿ ಇರುತ್ತದೆ. ಆಗ ಒಂದೇ ಮಾತು ಕೇಳಿ: ರ‍್ಯಾಮಿಗೆ ಖಾಲಿ ಸ್ಲಾಟ್ ಇದೆಯಾ, ಎಸ್‌ಎಸ್‌ಡಿ ಬದಲಾಯಿಸಬಹುದಾ? ಅಂಗಡಿಯವನಿಗೆ ಗೊತ್ತಿಲ್ಲದಿದ್ದರೆ ಮಾಡೆಲ್ ನಂಬರು ಬರೆದುಕೊಂಡು ಮನೆಗೆ ಬಂದು ಹುಡುಕಿ.

ಕನ್ನಡದ ವಿಷಯ ಮರೆತಿದ್ದೆ. ಅಕ್ಕ ತನ್ನ ಸ್ತ್ರೀಶಕ್ತಿ ಸಂಘದ ನಡಾವಳಿ ಪುಸ್ತಕವನ್ನು ಟೈಪ್ ಮಾಡಿಸಬೇಕು ಅಂತ ಹಳೇ ಫೈಲು ತಂದಿದ್ದಳು, ಯಾರೋ ಹಿಂದೆ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಹೊಡೆದದ್ದು. ಹೊಸ ಲ್ಯಾಪ್‌ಟಾಪಿನಲ್ಲಿ ತೆಗೆದರೆ ಬರೀ ಇಂಗ್ಲಿಷ್ ಅಕ್ಷರದ ಕಿಚಡಿ. ಅದನ್ನು ಎಲ್ಲ ಕಂಪ್ಯೂಟರಿನಲ್ಲೂ ಓದಬರುವ ಯುನಿಕೋಡಿಗೆ ಪರಿವರ್ತನೆ ಮಾಡಿಕೊಟ್ಟು, ವಿಂಡೋಸಿನ ಪಕ್ಕದಲ್ಲಿ ಲಿನಕ್ಸ್ ಮಿಂಟ್ ಅನ್ನುವ ಉಚಿತ ವ್ಯವಸ್ಥೆಯನ್ನೂ ಹಾಕಿ, ಅದರಲ್ಲಿ ಕೆಜಿಪಿ ಅನ್ನುವ ಕನ್ನಡ ಕೀಲಿಮಣೆ ಸೇರಿಸಿದೆ. ಈಗ ರಜೆಗೆ ಬಂದಾಗ ಹುಡುಗಿ ಹೊಡೆಯುತ್ತಾಳೆ, ಅಕ್ಕ ಪಕ್ಕದಲ್ಲಿ ಕೂತು ಹೇಳುತ್ತಾಳೆ. ಇಂಜಿನಿಯರಿಂಗಿಗಿಂತ ಸಂಘದ ಕೆಲಸವೇ ಜಾಸ್ತಿ ಆಗ್ತಿದೆ ಅಂತ ಒಮ್ಮೆ ದೂರು ಬಂತು.

ಎಂಟನೇ ತಿಂಗಳಿಗೆ ನಾವು ಕಾಯುತ್ತಿದ್ದದ್ದು ಬಂತು. ರೂಮ್‌ಮೇಟ್ ಕೈತಾಗಿ ಅರ್ಧ ಲೋಟ ಚಹಾ ಕೀಬೋರ್ಡಿನ ಮೇಲೆ. ಹುಡುಗಿ ಅಳುತ್ತಾ ಫೋನ್ ಮಾಡಿದಳು. "ಚಾರ್ಜರ್ ಕೀಳು, ಹೊರಗಿನ ಬ್ಯಾಟರಿ ತೆಗಿ, ಆಫ್ ಮಾಡಿ ಬೋರಲು ಹಾಕು" ಅಂದೆ. ಕೀಬೋರ್ಡಿನ ಕೆಳಗೆ ನೀರು ಹರಿದುಹೋಗಲು ತೂತು ಇರುತ್ತದೆ, ಬೋರ್ಡಿಗೆ ಏನೂ ಆಗಿರಲಿಲ್ಲ, ಆದರೆ ಮೂರು ಕೀ ಕೆಲಸ ನಿಲ್ಲಿಸಿದವು. ತುಮಕೂರಿನ ಒಬ್ಬ ರಿಪೇರಿಯವನು ಕೀಬೋರ್ಡು ತರಿಸಿ ಹಾಕಿ ಒಟ್ಟು 2,200 ತಗೊಂಡ. ಮೂರನೇ ದಿನ ಲ್ಯಾಬಿಗೆ ಹೋದಳು. ರಾಗಿ ಡಬ್ಬಿಯಲ್ಲಿ ಇನ್ನೂ ಮೂರು ಸಾವಿರ ಇದೆ.

ಆಮೇಲೆ 2025ರಲ್ಲಿ ಕೊಬ್ಬರಿ ಬೆಲೆ ಏರಿದ್ದು ನಿಮಗೂ ಗೊತ್ತಿರಬಹುದು. ತಿಪಟೂರು ಮಾರುಕಟ್ಟೆಯಲ್ಲಿ ಕ್ವಿಂಟಲಿಗೆ ಇಪ್ಪತ್ತು ಸಾವಿರ ದಾಟಿತು. ಅವತ್ತು ರಾತ್ರಿ ಭಾವನ ಫೋನು.

"ನೋಡಿದ್ಯೇನಪ್ಪ? ಒಂದು ವರ್ಷ ತಡೆದಿದ್ರೆ ಒಂದೂವರೆ ಕ್ವಿಂಟಲ್ ಸಾಕಾಗಿತ್ತು."

"ಅಷ್ಟರಲ್ಲಿ ಇವಳು ಎರಡನೇ ವರ್ಷಕ್ಕೆ ಬಂದಿರೋಳು ಭಾವ."

"ಅದೂ ನಿಜ ಅನ್ನು." ಸ್ವಲ್ಪ ಹೊತ್ತು ಸುಮ್ಮನಿದ್ದರು. "ಚಿಕ್ಕೋನು ಪಿಯುಸಿ ಸೇರ್ದ. ಇನ್ನೆರಡು ವರ್ಷಕ್ಕೆ ಅವನಿಗೂ ಬೇಕಾಗುತ್ತಲ್ಲ, ಆಗಲೂ ಅದೇ ಅಂಗಡಿಗೇ ಹೋಗೋದಾ?"

"ಹೋಗೋಣ. ಅಲ್ಲಾಡಿಸೋಕೆ ನೀವೇ ಬರಬೇಕು ಅಷ್ಟೇ" ಅಂದೆ.